ಬಾಗಿದ ಗೆರಿ

ಸೇಡಂ ತಹಸೀಲ ಕಚೇರಿ, ಹಿಂದಿನ ಖೋಲಿ.
ಕಿಟಕಿಗೆ ಗೆದ್ದಲು, ಕೀಲಿಕೈ ನನ್ನ ಹತ್ರ.
ಹದಿನೆಂಟು ವರ್ಷ ಬಸ್ತಾಗಳ ಧೂಳ ಝಾಡಿಸಿದೆ,
ಕೆಂಪು ಅರಿವಿ ಬಿಚ್ಚಿದೆ, ಕಟ್ಟಿದೆ,
ಒಳಗಿನ ಒಂದು ಸಾಲೂ ಓದಲಿಲ್ಲ.
ಫಸಲಿ ಸಾವಿರದ ಮುನ್ನೂರ ಮೂವತ್ತೆಂಟು:
ಇರಿವಿ ಸಾಲು ಮಸಿಯೊಳಗ ಬಿದ್ದೆದ್ದು
ಬಲದಿಂದ ಎಡಕ್ಕ ನಡದಂಗ ಕಾಣ್ತಿತ್ತು.
"ಏನು ಬರದದರಿ ಇದರಾಗ?" ಜನ ಕೇಳ್ತಿದ್ರು.
"ಹಳೇದು ಬರದದ," ಅಂತಿದ್ದೆ.
ಅದೇನು ಸುಳ್ಳಲ್ಲ.

ಲತೀಫ್ ಮಿಯಾನ ಬಾಗಿಲಿಗೆ ಹೋದಾಗ
ಕಿಸೆದಾಗ ಒಂದು ಚೀಟಿ ಇತ್ತು,
ನಲವತ್ತೊಂದರ ಹುರುಪಿನಾಗ ಬರಕೊಂಡದ್ದು:
ಇಲಾಖೆ ಪರೀಕ್ಷೆ, ಕಂಪ್ಯೂಟರ್, ಪೇಟಿ ಬಾರಿಸೋದು,
ಇಂಗ್ಲಿಷ್ ಮಾತು, ಕಾಗಿಣಾದಾಗ ಈಜು, ಉರ್ದು.
ಅರ್ಜಿ ಬರದು ಬರದು ಬೆರಳು ಡೊಂಕಾದ ಮುದುಕ
ಚೀಟಿ ಓದಿಸಿಕೊಂಡು ಕೇಳ್ದ:
"ಇಷ್ಟು ಮಂದಿನ್ನ ಊಟಕ್ಕ ಕರದೀದಿ,
ಮನ್ಯಾಗ ತಾಟು ಎಷ್ಟವ?"
ಒಂದೇ ತಾಟು. ಮುಂಜಾನಿ ಆರರಿಂದ ಏಳು,
ನಲ್ಲಿ ನೀರು ಬರೋದರೊಳಗ.
ಈಜಿನ ಮ್ಯಾಲೆ ಗೀಟು ಎಳದೆ, ಇಂಗ್ಲಿಷ್ ಮ್ಯಾಲೂ.
ಪೇಟಿ ಅಂಬೋದರ ಮ್ಯಾಲೆ ಪೆನ್ನು ತಡವರಿಸಿತು.
ಈಗೂ ಭಜನಿ ಮ್ಯಾಳದ ಮುಂದ ಹಾದ್ರ
ಬೆರಳು ಕಿಸೆದೊಳಗ ತಾವೇ ಆಡ್ತಾವ.

ಅಂಗಳದಾಗ ಒಂದು ಶಾಬಾದಿ ಪರಸಿ,
ಬಳಪ, ಹಸಿ ಅರಿವಿ.
ಮೊದಲ ಅಲಿಫ್. ನೆಟ್ಟಗ ಒಂದು ಗೆರಿ.
ಹನ್ನೊಂದು ದಿನ ಅದೇ ಗೆರಿ.
"ಇಷ್ಟೂ ಬರೋದಿಲ್ಲೇನು ನನಗ?"
"ಎಳೆಯೋದು ಬರ್ತದ. ನಿಲ್ಲೋದು ಬರವಲ್ದು,"
ಅಂದ, ಒರಸಿದ.
ಬ್ಯಾಸಗಿ. ನಿನ್ನಿನ ಬಿಸಿಲು ಇನ್ನೂ ಕಲ್ಲೊಳಗಿತ್ತು,
ಒರಸಿದ ಗುರುತು ಕಣ್ಣು ಪಿಳಿಕಿಸೋದರಾಗ ಆರೋದು.

ದಿನಕ್ಕ ಒಂದು ಅಕ್ಷರ ಅಂತ ಲೆಕ್ಕ ಹಾಕಿದ್ದು ನಾನು.
ಅಕ್ಷರ ನನ್ನ ಲೆಕ್ಕ ಕೇಳಲಿಲ್ಲ.
ಕೆಲವು ಮುಂಜಾನಿ ನಿನ್ನಿಂದೂ ಕಳದು ಹೋಗಿರ್ತಿತ್ತು.
ಮಗಳಿಗೆ ಜ್ವರ ಬಂದ ವಾರ, ಚುನಾವಣಿ ಡ್ಯೂಟಿಯ ತಿಂಗಳು,
ಒಂಬತ್ತು ದಿನ ಬರೇ ಸಿಟ್ಟಿಗೆ ಹೋಗಲಿಲ್ಲ.
ದೇವೀಂದ್ರ ಛಾ ಅಂಗಡ್ಯಾಗ ನಗ್ತಿದ್ದ:
"ಯಾವ ಭತ್ಯೆ ಕೊಡ್ತಾರೋ ಇದಕ್ಕ?"
ಹತ್ತನೇ ದಿನ ಹೋದ್ರ
ಮುದುಕ ಏನೂ ಕೇಳಲಿಲ್ಲ. ಪರಸಿ ತೊಯ್ಸಿಟ್ಟಿದ್ದ.
ಒಂಬತ್ತು ದಿನಾನೂ ತೊಯ್ಸಿಟ್ಟಿದ್ದನಂತ,
ಆಮ್ಯಾಲ ಸೊಸಿ ಹೇಳಿದಳು.

ಎರಡನೇ ವರ್ಷ ಶಿಕಸ್ತ. ಮುರಿದ ಬರಹ.
ಚುಕ್ಕಿ ಹಚ್ಚಲಿಕ್ಕೂ ಪುರಸೊತ್ತಿಲ್ಲದ
ಪಟವಾರಿಗಳ ಕೈ.
ಆ ಸೋಮವಾರ ಕಾಶಿಬಾಯಿ ಬಂದಳು,
ಹದಿನಾಲ್ಕನೇ ಸಲ ಇರಬೇಕು.
ಹಿಂದಿನವರು ಮಾಡಿದ ತರ್ಜುಮೆಯಾಗ
ಬಾವಿ ಹೊಲ ತಿಪ್ಪಣ್ಣನ ಬೇಟಾನ ಹೆಸರಿಗೆ.
"ತಿಪ್ಪಣ್ಣಗ ಗಂಡುಮಗ ಇದ್ದೇ ಇಲ್ಲರಿ."
ಬಸ್ತಾ ಬಿಚ್ಚಿದೆ. ಬೆರಳಿಟ್ಟು ಬಲದಿಂದ ಬಂದೆ.
ಕೊನಿಯ ಅಕ್ಷರ.
ನೆಟ್ಟಗ ನಿಂತರ ಬೇಟಾ,
ಬಾಗಿದರ ಬೇಟಿ.
ಹನ್ನೊಂದು ದಿನ ಎಳದ ಗೆರಿ ನನಗ ಗೊತ್ತಿತ್ತು;
ಇದು ಅದಲ್ಲ.
ಮಸಿ ಕೆಳಗ ಬಾಗಿ
ಹಾಳಿ ಹರಿದ ಅಂಚಿನ ತನಕ ಹೋಗಿ
ಹಿಂದಕ್ಕ ಹೊಳ್ಳಿತ್ತು.

"ನನ್ನ ಓದು ಸಾಕ್ಷಿ ಆಗೋದಿಲ್ಲವ್ವ,
ಕಲಬುರಗಿಯಿಂದ ಬಲ್ಲವರು ಬಂದು ನೋಡಬೇಕು."
"ಆದ್ರ, ಬರದದ?"
"ಬರದದ."
ಸೆರಗಿನಾಗ ನಕಲಿನ ರೊಕ್ಕ ಎಣಿಸ್ತಾ
ಆಕಿ ಬಹಳ ಹೊತ್ತು ಅಲ್ಲೇ ಕುಂತಳು.

ಮರುದಿನ ಮುದುಕಗ ಹೇಳಿದೆ.
ಕಣ್ಣಿಗೆ ಪೊರಿ ಬಂದ ಮ್ಯಾಲೆ
ಅಂವ ಬೆರಳಾಡಿಸಿ ಓದ್ತಾನ.
"ಬರಿ ಆ ಶಬ್ದ," ಅಂದ. ಬರದೆ.
ಡೊಂಕು ಬೆರಳು ಗೆರಿಗುಂಟ ಹೋಗಿ
ತಿರುವಿನಾಗ ನಿಂತಿತು.
"ಬಾಲ ಉದ್ದಾತು," ಅಂದ, ಒರಸಿದ.
ಹಿತ್ತಲದಾಗ ನಲ್ಲಿ ಗುರಗುಟ್ಟಿತು.
ಇಬ್ಬರೂ ಏಳಲಿಲ್ಲ.